ಓದುಗರ ಪ್ರಶ್ನೆ: ಕೆಂಪು ಗುಡ್ಡ, ಕರಿ ಉಸುಕು, ಒಂದು ಜೋಡಿ ಚಪ್ಪಲಿ

ಹೋದ ಸಂಚಿಕೆಯಲ್ಲಿ ಯಾವುದೋ ಮಾತಿನ ನಡುವೆ ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪಕ್ಕೆ ಹೋಗಿಬಂದದ್ದನ್ನು ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರ, ವಾಟ್ಸಾಪ್ ಸಂದೇಶ ನೋಡಿದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯವರು ಸೇರಿ ಒಂದು ಬಸ್ ಮಾಡಿಕೊಂಡು ಹೊರಟೇಬಿಟ್ಟ ಹಾಗಿದೆ. ಎಲ್ಲಕ್ಕೂ ಉತ್ತರ ಬರೆಯಲು ಜಾಗ ಇಲ್ಲ, ಮತ್ತೆ ಮತ್ತೆ ಬಂದವನ್ನು ಆರಿಸಿಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಟೂರ್ ಏಜೆಂಟ್ ಅಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ಇರುವವನು, ಮನೆಯವಳ ಜೊತೆ ಮೇ ತಿಂಗಳ ಕೊನೆಗೆ ಆರು ದಿನ ಅಲ್ಲಿದ್ದು ಬಂದವನು, ಬಂದ ಮೇಲೆ ಆ ಕಲ್ಲುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದವನು, ಅಷ್ಟೇ.

ಪ್ರಶ್ನೆ: ಮೊಮ್ಮಗ ಫೋನಿನಲ್ಲಿ ಒಂದು ಫೋಟೊ ತೋರಿಸಿದ. ನೀಲಿ ಸಮುದ್ರ, ಅದರ ಹಿಂದೆ ಕೆಂಪುಗೆಂಪು ಗುಡ್ಡ. ಬಣ್ಣ ಬಳಿದ ಫೋಟೊ ಅಂತ ನಾನು, ಅಲ್ಲ ಅಂತ ಅವನು. ಯಾರು ಸರಿ? ನಿಜ ಇದ್ದರೆ ಅಲ್ಲಿ ಹೋಗಿ ಕೂಡಬಹುದೇ? (ನಿವೃತ್ತ ಮುಖ್ಯಶಿಕ್ಷಕರು, ಗೋಕಾಕ)

ಸರ್, ಈ ಸಲ ಮೊಮ್ಮಗನೇ ಗೆದ್ದ. ಗುಡ್ಡ ನಿಜ, ಕೆಂಪೂ ನಿಜ. ಫೋಟೊದಲ್ಲಿ ಒಂದಿಷ್ಟು ಜಾಸ್ತಿ ಮಾಡಿರುತ್ತಾರೆ ಅನ್ನೋದೂ ನಿಜ, ಹಾಗಾಗಿ ನಿಮಗೂ ಅರ್ಧ ಅಂಕ.

ಆ ಜಾಗಕ್ಕೆ ರೆಡ್ ಬೀಚ್ ಅಂತಾರೆ, ಗ್ರೀಕ್ ಭಾಷೆಯಲ್ಲಿ ಕೊಕ್ಕಿನಿ ಪರಾಲಿಯಾ. ದ್ವೀಪದ ನೈಋತ್ಯ ತುದಿಗೆ ಅಕ್ರೊಟಿರಿ ಅಂತ ಊರಿದೆ, ಅದರ ಕೆಳಗೆ. ಫಿರಾ ಅನ್ನುವ ಮುಖ್ಯ ಊರಿನಿಂದ ಬಸ್ ಇದೆ. ಬಸ್ಸಿನಲ್ಲಿ ಕಂಡಕ್ಟರ್ ಬಂದು ಕೈಯಲ್ಲಿ ದುಡ್ಡು ಇಸಿದುಕೊಂಡು ಟಿಕೆಟ್ ಕೊಡುತ್ತಾನೆ, ಚಿಲ್ಲರೆ ಇಲ್ಲ ಅಂದರೆ ಮುಖ ಗಂಟು ಹಾಕುತ್ತಾನೆ. ನನಗಂತೂ ಸಂಕೇಶ್ವರ ಬಸ್ಸಿನಲ್ಲಿ ಕೂತ ಹಾಗೇ ಅನಿಸಿತು. ಇಳಿದು ಸ್ವಲ್ಪ ನಡೆದರೆ ಗಾಡಿ ನಿಲ್ಲಿಸುವ ಜಾಗ, ಒಂದು ಚಿಕ್ಕ ಬಿಳಿ ಚರ್ಚು. ಅಲ್ಲಿಂದ ಕಲ್ಲು ಬಂಡೆಗಳ ಮೇಲೆ ಕಾಲುದಾರಿ. ಒಂದು ತಿರುವು ದಾಟಿದ ಕೂಡಲೇ ಇಡೀ ದಂಡೆ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ನೀವು ನೋಡಿದ ಫೋಟೊ ತೆಗೆದದ್ದು ಅಲ್ಲಿಂದಲೇ.

ಇನ್ನು ಕೂಡಬಹುದೇ ಅನ್ನುವುದು. ಆ ತಿರುವಿನಲ್ಲೇ ಕೂಡಿ ಸರ್, ಕೆಳಗೆ ಇಳಿಯಬೇಡಿ.

ಯಾಕೆ ಅಂದರೆ ಆ ಗುಡ್ಡ ಗಟ್ಟಿ ಬಂಡೆ ಅಲ್ಲ. ಕಮ್ಮಾರರ ಕುಲುಮೆ ಹತ್ತಿರ ಬಿದ್ದಿರುವ ಕಿಟ್ಟ ನೋಡಿದ್ದೀರಲ್ಲ, ತೂತು ತೂತು, ಒರಟು, ನೋಡಲು ಗಟ್ಟಿ ಆದರೆ ಹಗುರ, ಜ್ವಾಲಾಮುಖಿ ಅಂಥದ್ದೇ ಕಿಟ್ಟವನ್ನು ಚಿಮ್ಮಿಸಿ ಚಿಮ್ಮಿಸಿ ರಾಶಿ ಹಾಕಿದೆ. ರಾಶಿ ಅಂದರೆ ರಾಶಿಯೇ, ಕಣದಲ್ಲಿ ಜೋಳ ಸುರಿದ ಹಾಗೆ ಸುರಿದದ್ದು, ಒಂದಕ್ಕೊಂದು ಸರಿಯಾಗಿ ಅಂಟಿಕೊಂಡಿಲ್ಲ. ಸಮುದ್ರ ಕೆಳಗಿನಿಂದ ಅದರ ಬುಡ ಕೊರೆಯುತ್ತಲೇ ಇದೆ. ಕಿಟ್ಟದಲ್ಲಿದ್ದ ಕಬ್ಬಿಣ ಇನ್ನೂ ಬಿಸಿ ಇದ್ದಾಗಲೇ ಗಾಳಿ, ಹಬೆ ತಾಗಿ ತುಕ್ಕು ಹಿಡಿದ ಹಾಗಾಗಿದೆ, ಆ ಕೆಂಪು ಅದೇ. ಬಾದಾಮಿಯ ಕೆಂಪೂ ಕಬ್ಬಿಣದ್ದೇ, ಆದರೆ ಅದು ಮರಳುಗಲ್ಲು, ಶಿಲ್ಪ ಕೆತ್ತುವಷ್ಟು ಗಟ್ಟಿ. ಎರಡರ ಬಣ್ಣ ನೋಡಿ ಅಕ್ಕ-ತಂಗಿ ಅಂದುಕೊಳ್ಳಬೇಡಿ.

ಅಲ್ಲಿ ಕಲ್ಲು ಜಾರುತ್ತಲೇ ಇರುತ್ತದೆ, ಅಪಾಯ ಅಂತ ಬೋರ್ಡ್ ಹಾಕಿದ್ದಾರೆ. ಬೋರ್ಡಿನ ಪಕ್ಕದಿಂದಲೇ ಜನ ಸಾಲು ಹಚ್ಚಿ ಇಳಿಯುತ್ತಾರೆ, ಗುಡ್ಡದ ಬುಡದಲ್ಲೇ ಟವೆಲ್ ಹಾಸುತ್ತಾರೆ, ಯಾಕಂದ್ರೆ ನೆರಳು ಅಲ್ಲಿ ಮಾತ್ರ. ನಾನೂ ಇಳಿಯೋಣ ಅಂದುಕೊಂಡೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ತಿರುವಿನಲ್ಲಿ ನಿಂತು ನೀರು ಕುಡಿಯುವಾಗ ಎದುರಿನ ಗುಡ್ಡದಿಂದ ಒಂದು ಬೊಗಸೆಯಷ್ಟು ಹರಳು ಜಾರಿ ಬಿತ್ತು. ಬೊಗಸೆ ಅಷ್ಟೇ. ಮೊರದಲ್ಲಿ ಕಡಲೆ ಕೇರಿದಾಗ ಆಗುತ್ತಲ್ಲ, ಆ ಸಪ್ಪಳ. ಕೆಳಗೆ ಮಲಗಿದ್ದ ಯಾರೂ ತಲೆ ಎತ್ತಿ ನೋಡಲಿಲ್ಲ. ಮನೆಯವಳು ಬಾಟಲಿ ಮುಚ್ಚಿ ಚೀಲಕ್ಕೆ ಹಾಕಿ "ನಡೀರಿ" ಅಂದಳು. ಮರಳಿ ಬಂದೆವು. ದಂಡೆಯ ಮೇಲೆ ಕಾಲಿಡಲಿಲ್ಲ ಅಂತ ನನಗೇನೂ ಬೇಜಾರಿಲ್ಲ. ಅದು ದೂರದಿಂದ ಚೆಂದ, ಹತ್ತಿರ ಹೋದರೆ ಕಿರಿದು, ಕಲ್ಲು ಚುಚ್ಚುತ್ತದೆ, ಗದ್ದಲ ಬೇರೆ. ಬೆಳಿಗ್ಗೆ ಬೇಗ ಹೋಗಿ, ಜನ ಕಡಿಮೆ ಇರುತ್ತಾರೆ. ಬೂಟು ಹಾಕಿಕೊಂಡು ಹೋಗಿ.

ಪ್ರಶ್ನೆ: ಅಲ್ಲಿ ಉಸುಕು ಕರಿ ಅಂತ ಬರೆದಿದ್ದೀರಿ. ನಮ್ಮ ಎರೆ ಹೊಲವೂ ಕರಿ. ಎರಡೂ ಒಂದೇನಾ? ಮತ್ತೆ ಅಲ್ಲಿ ನೀರು ಹಾಯಿಸದೇ ದ್ರಾಕ್ಷಿ ಬೆಳೀತಾರೆ ಅಂತ ಯಾರೋ ಹೇಳಿದರು, ನಂಬಲಿಕ್ಕೆ ಆಗವಲ್ದು. (ದ್ರಾಕ್ಷಿ ಬೆಳೆಗಾರರು, ತಿಕೋಟಾ)

ಅಣ್ಣಾರ, ಬಂದ ಪ್ರಶ್ನೆಗಳಲ್ಲೇ ಇದು ನನಗೆ ಜಾಸ್ತಿ ಹಿಡಿಸಿತು. ಒಂದೇ ಅಲ್ಲ, ಆದರೆ ಬೀಗರು ಅನ್ನಬಹುದು.

ನಿಮ್ಮ ವಿಜಯಪುರ, ನಮ್ಮ ಬೆಳಗಾವಿಯ ಉತ್ತರದ ಭಾಗ ಎಲ್ಲ ನಿಂತಿರುವುದೇ ಜ್ವಾಲಾಮುಖಿಯ ಕಲ್ಲಿನ ಮೇಲೆ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಉದ್ದುದ್ದ ಬಿರಿದು ಲಾವಾ ಹೊರಗೆ ಬಂತು. ಗುಡ್ಡ ಸಿಡಿದು ಅಲ್ಲ, ಹಾಲು ಉಕ್ಕಿ ಒಲೆ ತುಂಬ ಹರಿದ ಹಾಗೆ ಹರಿಯಿತು, ಒಂದು ಪದರ ಆರಿದ ಮೇಲೆ ಇನ್ನೊಂದು. ಅದು ಗಟ್ಟಿಯಾಗಿ ಆದದ್ದೇ ಕರಿಕಲ್ಲು. ಗೋಲಗುಮ್ಮಟ ಕಟ್ಟಿರುವುದು ಆ ಕಲ್ಲಿನಿಂದಲೇ. ಅದೇ ಕಲ್ಲು ಬಿಸಿಲು ಮಳೆಗೆ ಸವೆದು ಸವೆದು ಎರೆ ಮಣ್ಣಾಗಿದೆ. ಅಂದರೆ ಜ್ವಾಲಾಮುಖಿ ನೋಡಬೇಕು ಅಂತ ಲಕ್ಷ ಲಕ್ಷ ಖರ್ಚು ಮಾಡಿ ಹೋಗುವ ನಾವು ಅದರ ಮೇಲೇ ಮನೆ ಕಟ್ಟಿಕೊಂಡು, ಜೋಳ ಬಿತ್ತಿಕೊಂಡು ಕೂತಿದ್ದೇವೆ. ನಮ್ಮದು ಆರಿ ತಣ್ಣಗಾಗಿ ಕೋಟಿಗಟ್ಟಲೆ ವರ್ಷ ಆಯಿತು, ಅವರದು ಇನ್ನೂ ಉಸಿರಾಡುತ್ತಿದೆ, ಇದೇ ವ್ಯತ್ಯಾಸ.

ಸ್ಯಾಂಟೊರಿನಿಯದು ಹರಿಯುವ ಸ್ವಭಾವ ಅಲ್ಲ, ಸಿಡಿಯುವ ಸ್ವಭಾವ. ಅಲ್ಲಿನ ಲಾವಾ ಮಂದ. ಅದರೊಳಗೆ ಸಿಕ್ಕಿಕೊಂಡ ಗ್ಯಾಸ್ ಸಲೀಸಾಗಿ ಹೊರಗೆ ಬರೋದಿಲ್ಲ, ಮೇಲಿಂದ ಸಮುದ್ರದ ನೀರು ಬೇರೆ ಸೇರುತ್ತದೆ. ವಿಷಲ್ ಕೆಟ್ಟ ಕುಕ್ಕರ್ ಅಂದುಕೊಳ್ಳಿ. ಸುಮಾರು 3,600 ವರ್ಷದ ಹಿಂದೆ ಅದು ಎಷ್ಟು ಜೋರಾಗಿ ಸಿಡಿಯಿತು ಅಂದರೆ ದ್ವೀಪದ ನಡುಭಾಗವೇ ಕುಸಿದು ಕೆಳಗೆ ಹೋಗಿ, ಆ ಗುಂಡಿಗೆ ಸಮುದ್ರ ನುಗ್ಗಿತು. ಈಗ ಎಲ್ಲರೂ ನಿಂತು ಫೋಟೊ ತೆಗೆಸಿಕೊಳ್ಳುವ ಬಿಳಿ ಮನೆಗಳಿವೆಯಲ್ಲ, ಅವು ಇರುವುದು ಆ ಗುಂಡಿಯ ಅಂಚಿನ ಮೇಲೆ. ಅಂಚು ಕೆಲವು ಕಡೆ 300 ಮೀಟರ್ ಎತ್ತರ. ಕೆಳಗಿನ ನೀರೂ ಹೆಚ್ಚುಕಡಿಮೆ ಅಷ್ಟೇ ಆಳ. ಆ ಕಡೆ ಬೀಚ್ ಎಲ್ಲಿಂದ ಬರಬೇಕು? ಬೀಚ್‌ಗಳೆಲ್ಲ ಹೊರಮೈಯಲ್ಲಿ, ಇಳಿಜಾರಿನ ಕಡೆ. ಪೆರಿಸ್ಸಾ, ಪೆರಿವೊಲೊಸ್, ಕಮಾರಿ ಇವು ಕರಿ ದಂಡೆಗಳು. ಲಾವಾ ಕಲ್ಲನ್ನು ತೆರೆ ಅರೆದು ಅರೆದು ಮಾಡಿದ ಉಸುಕು. ಕಮಾರಿಯಲ್ಲಿ ಅರೆದದ್ದು ಸಾಲದು, ಹರಳೇ ಜಾಸ್ತಿ. ಪೆರಿಸ್ಸಾದಲ್ಲಿ ಸಣ್ಣ ಉಸುಕು ಸಿಗುತ್ತದೆ. ಕೈಯಲ್ಲಿ ಹಿಡಿದರೆ ಗಸಗಸೆಯಷ್ಟು, ಒದ್ದೆ ಇದ್ದಾಗ ಕುಟ್ಟಿದ ಗುರೆಳ್ಳು ಪುಡಿಯ ಹಾಗೆ ಮಿಂಚುತ್ತದೆ. ಆದರೆ ಅದು ಉಸುಕು, ಮಣ್ಣಲ್ಲ. ಅದು ಎರೆ ಆಗಬೇಕಾದರೆ ಬೇಕಾದಷ್ಟು ಮಳೆ ಬೇಕು, ನಾವು ನೀವು ಎಣಿಸಲಾರದಷ್ಟು ಕಾಲ ಬೇಕು.

ದ್ರಾಕ್ಷಿ ವಿಷಯ ನಂಬಬಹುದು. ನೋಡಿ ಬಂದಿದ್ದೇನೆ. ಅಲ್ಲಿ ಚಪ್ಪರ ಇಲ್ಲ, ತಂತಿ ಇಲ್ಲ. ಬಳ್ಳಿಯನ್ನು ಸುತ್ತಿ ಸುತ್ತಿ ನೆಲದ ಮೇಲೇ ಬುಟ್ಟಿ ಹೆಣೆದ ಹಾಗೆ ಮಾಡುತ್ತಾರೆ, ಹಣ್ಣು ಬುಟ್ಟಿಯ ಒಳಗೆ. ಇದಕ್ಕೆ ಕುಲೂರಾ ಅಂತ ಹೆಸರು. ಬೇಸಿಗೆಯಲ್ಲಿ ಬೀಸುವ ಗಾಳಿಗೆ ಚಪ್ಪರ ಕಟ್ಟಿದರೆ ಹಾರಿಕೊಂಡು ಹೋಗುತ್ತದೆ, ಅದಕ್ಕೆ ಈ ಉಪಾಯ. ಮಳೆ ಬೀಳುವುದೇ ಕಡಿಮೆ. ಬಿದ್ದಷ್ಟನ್ನು, ರಾತ್ರಿ ಸಮುದ್ರದಿಂದ ಬರುವ ತೇವವನ್ನು ನೆಲದಲ್ಲಿರುವ ತೂತುಗಲ್ಲು ಹೀರಿ ಇಟ್ಟುಕೊಳ್ಳುತ್ತದೆ. ತೂತುಗಲ್ಲು ಅಂದರೆ ಮನೆಯಲ್ಲಿ ಹಿಮ್ಮಡಿ ಉಜ್ಜುತ್ತೇವಲ್ಲ, ಆ ಜಾತಿ ಕಲ್ಲು. ಇನ್ನೊಂದು ಮಾತು ನಿಮಗೆ ಹಿಡಿಸಬಹುದು. ಯುರೋಪಿನ ದ್ರಾಕ್ಷಿ ತೋಟಗಳನ್ನೆಲ್ಲ ಹಾಳು ಮಾಡಿದ ಫಿಲಾಕ್ಸೆರಾ ಅನ್ನುವ ಬೇರು ಹೇನು ಈ ನೆಲದಲ್ಲಿ ಬದುಕಲಿಲ್ಲ, ಜೇಡಿ ಅಂಶ ಇಲ್ಲದ ಉಸುಕು ನೋಡಿ. ಹಾಗಾಗಿ ಅಲ್ಲಿ ಬಳ್ಳಿಗಳು ಈಗಲೂ ಸ್ವಂತ ಬೇರಿನ ಮೇಲೇ ನಿಂತಿವೆ. ನೀವಾದರೆ ಡಾಗ್ರಿಡ್ಜ್ ಅನ್ನುವ ಬೇರೆ ಜಾತಿ ದ್ರಾಕ್ಷಿಯ ಬೇರಿಗೆ ಕಸಿ ಕಟ್ಟುತ್ತೀರಿ. ಹಾಗಂತ ನೀರು ಬಿಟ್ಟು ನೋಡೋಣ ಅಂತ ಇಲ್ಲಿ ಹೊರಡಬೇಡಿ! ಅವರ ಇಳುವರಿ ಬಹಳ ಕಡಿಮೆ. ಅವರ ದ್ರಾಕ್ಷಿ ಹೋಗುವುದು ವೈನ್‌ಗೆ, ಸಂತೆಗಲ್ಲ. ಒಂದು ಜಾತಿ ವೈನ್‌ಗೆ ಕೊಯ್ದ ಹಣ್ಣನ್ನು ಸುಮಾರು ಎರಡು ವಾರ ಬಿಸಿಲಿಗೆ ಹರವಿ ಒಣಗಿಸುತ್ತಾರಂತೆ. ನಿಮ್ಮ ಒಣದ್ರಾಕ್ಷಿ ಶೆಡ್ಡು ಅಲ್ಲಿ ಇರಬೇಕಿತ್ತು.

ಪ್ರಶ್ನೆ: ಯಾವ ತಿಂಗಳು ಹೋಗಬೇಕು? ಅತ್ತೆಯವರೂ ಬರ್ತೀನಿ ಅಂತಿದ್ದಾರೆ, ಮೊಣಕಾಲು ನೋವಿದೆ. ಸಮುದ್ರಕ್ಕೆ ಇಳಿಯುವುದು ಸುರಕ್ಷಿತವೇ? (ಗೃಹಿಣಿ, ಬಾಗಲಕೋಟೆ ನವನಗರ)

ಮೇ, ಇಲ್ಲ ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಜುಲೈ, ಆಗಸ್ಟ್ ಬೇಡವೇ ಬೇಡ. ಆಗ ಹಡಗು ಹಡಗು ಜನ ಬಂದು ಇಳಿಯುತ್ತಾರೆ. ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ದಿನಗಟ್ಟಲೆ ಬೀಸುತ್ತದೆ, ರೂಮ್ ಬಾಡಿಗೆ ಮುಗಿಲಿಗೆ. ಚಳಿಗಾಲದಲ್ಲಿ ಅರ್ಧ ಅಂಗಡಿ ಬಾಗಿಲು ಹಾಕಿರುತ್ತವೆ. ಮೇ ತಿಂಗಳಲ್ಲಿ ಒಂದೇ ತೊಂದರೆ, ನೀರು ಥಂಡಿ. ನನ್ನ ಹಾಗೆ ಮೊಣಕಾಲವರೆಗೆ ಇಳಿದು ಹಿಂದೆ ಬರುವವರಿಗೆ ಅದು ತೊಂದರೆ ಅಲ್ಲ. ಈಜಲೇಬೇಕು ಅನ್ನುವವರು ಸೆಪ್ಟೆಂಬರ್ ಹಿಡಿಯಿರಿ, ಬೇಸಿಗೆಯೆಲ್ಲ ಕಾದ ನೀರು ಆಗ ಬೆಚ್ಚಗಿರುತ್ತದೆ.

ಭೂಮಧ್ಯ ಸಮುದ್ರದಲ್ಲಿ ಭರತ-ಇಳಿತ ತೀರ ಕಡಿಮೆ. ಗೋವಾದಲ್ಲಿ ಬೆಳಿಗ್ಗೆ ಇಲ್ಲಿದ್ದ ನೀರು ಸಂಜೆ ಅಲ್ಲಿರುತ್ತದಲ್ಲ, ಹಾಗೆ ಇಲ್ಲ. ಆದರೆ ಪೆರಿಸ್ಸಾದಲ್ಲಿ ನಾಲ್ಕು ಹೆಜ್ಜೆಗೇ ಆಳ ಸಿಗುತ್ತದೆ, ಕೆಲವು ಕಡೆ ನೀರೊಳಗೆ ಹಾಸುಬಂಡೆ ಇದೆ, ಪಾಚಿಗೆ ಜಾರುತ್ತದೆ. ಅತ್ತೆಯವರನ್ನು ಕೈ ಹಿಡಿದು ಇಳಿಸಿ.

ಅವರ ಮೊಣಕಾಲಿನ ಸಲುವಾಗಿಯೇ ಇನ್ನೊಂದು ಮಾತು. ಫಿರಾದಲ್ಲಿ ರೂಮ್ ಮಾಡಬೇಡಿ, ಅಲ್ಲಿ ಎಲ್ಲ ಮೆಟ್ಟಿಲು. ಪೆರಿಸ್ಸಾ ಅಥವಾ ಕಮಾರಿಯಲ್ಲಿ ಮಾಡಿ, ಸಪಾಟು ನೆಲ, ಬಾಗಿಲಿಗೇ ಸಮುದ್ರ, ಬಾಡಿಗೆಯೂ ಕಡಿಮೆ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ನಮಗೆ ಬುಕಿಂಗ್ ಮಾಡಿಕೊಟ್ಟವರು "ಬೀಚ್ ಹತ್ತಿರದಲ್ಲೇ ಇದೆ ಸರ್, ನಡೆದೇ ಹೋಗಬಹುದು" ಅಂತ ಫಿರಾದಲ್ಲಿ ಹಾಕಿಸಿದ್ದರು. ಬೀಚಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಅವರು ಆ ದ್ವೀಪ ಕಣ್ಣಿಂದ ನೋಡಿರಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮ್ಯಾಪ್ ನೀವೇ ತೆಗೆದು ನೋಡಿ, ಯಾರ ಬಾಯಿಮಾತೂ ನಂಬಬೇಡಿ, ನನ್ನದೂ ಸೇರಿ.

ಚಪ್ಪಲಿ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕರಿ ಉಸುಕು ಬಿಸಿಲನ್ನೆಲ್ಲ ಕುಡಿದು ಕಾದ ಹಂಚಾಗುತ್ತದೆ. ನಾವು ಮಧ್ಯಾಹ್ನ ಒಂದರ ಹೊತ್ತಿಗೆ ಕೊಡೆಯ ಕೆಳಗೆ ಚಪ್ಪಲಿ ಬಿಟ್ಟು ಒದ್ದೆ ಕಾಲಲ್ಲಿ ನೀರಿನ ಅಂಚು ಹಿಡಿದು ಹರಟುತ್ತ ಬಹಳ ದೂರ ಹೋಗಿಬಿಟ್ಟಿದ್ದೆವು. ಮರಳಿ ಬರುವಾಗ ನೀರಿನಿಂದ ಕೊಡೆಗೆ ಇದ್ದದ್ದು ಹೆಚ್ಚು ಅಂದರೆ ಇಪ್ಪತ್ತು ಹೆಜ್ಜೆ. ಬೆಳಗಾವಿಯ ಬಿಸಿಲು ಕಂಡವರು ನಾವು, ಇದೇನು ಮಹಾ ಅಂತ ನಾನು ಮುಂದೆ ಹೊರಟೆ. ಎಂಟನೆಯ ಹೆಜ್ಜೆಗೆ ಕುಣಿಯಲು ಶುರು ಮಾಡಿದೆ. ಯಾರದೋ ಟವೆಲ್ ಮೇಲೆ ಹಾರಿ ನಿಂತೆ, ಅದರ ಒಡತಿ ಎದ್ದು ಕೂತು ನಕ್ಕಳು, ನಂತರ ತಾನೇ ಎದ್ದು ಹೋಗಿ ನನ್ನ ಚಪ್ಪಲಿ ತಂದು ಕೊಟ್ಟಳು. ಅಂಗಾಲಿನಲ್ಲಿ ಎರಡು ಗುಳ್ಳೆ. ಮುಂದಿನ ಎರಡು ದಿನ ನಾನು ನಡೆದದ್ದು ಹಿಮ್ಮಡಿಯ ಮೇಲೆ. ಚಪ್ಪಲಿ ನೀರಿನ ಅಂಚಿನವರೆಗೂ ಕಾಲಲ್ಲೇ ಇರಲಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಹೊಟ್ಟೆಗೆ ಏನು? ಕುಂದಾ, ರೊಟ್ಟಿ, ಚಟ್ನಿ ಕಟ್ಟಿಕೊಂಡು ಹೋಗಬಹುದೇ? (ಅಂಗಡಿಕಾರರು, ಅಥಣಿ)

ಹೊಟ್ಟೆಗೆ ತೊಂದರೆ ಇಲ್ಲ. ಆ ದ್ವೀಪದ ಹೆಸರುವಾಸಿ ತಿನಿಸೇ ಬೇಳೆ! ಫಾವಾ ಅಂತಾರೆ, ಹಳದಿ ಬೇಳೆ ಕುದಿಸಿ ಕಡೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ, ನಿಂಬೆ ಹುಳಿ. ಒಗ್ಗರಣೆ ಹಾಕಲು ಮರೆತ ಕಟ್ಟಿನ ಬೇಳೆ ಅನ್ನಿ. ಟೊಮೆಟೊ ಭಜಿ ಸಿಗುತ್ತದೆ, ತೊಮಾತೊಕೆಫ್ತೆದೆಸ್ ಅಂತ ಉದ್ದನೆಯ ಹೆಸರು, ಬೆರಳು ತೋರಿಸಿದರೆ ಸಾಕು. ಟೊಮೆಟೊ, ದೊಣ್ಣೆಮೆಣಸಿನಕಾಯಿಯೊಳಗೆ ಅನ್ನ ತುಂಬಿ ಬೇಯಿಸಿದ ಗೆಮಿಸ್ತಾ ಇದೆ, ಆದರೆ ಕೆಲವರು ಒಳಗೆ ಕೈಮಾ ಸೇರಿಸುತ್ತಾರೆ, ಕೇಳಿಯೇ ತಿನ್ನಿ. "ಹೋರಿಸ್ ಕ್ರೇಯಾಸ್" ಅಂದರೆ ಮಾಂಸ ಬೇಡ ಅಂತ. "ನಿಸ್ತಿಸಿಮೊ" ಅಂದರೆ ಅವರ ಉಪವಾಸದ ಊಟ, ಮಾಂಸ, ಹಾಲು, ಮೊಟ್ಟೆ ಇರೋದಿಲ್ಲ. ಅಷ್ಟಕ್ಕೆ ಖುಷಿಪಡಬೇಡಿ, ಸೀಗಡಿ, ಕಪ್ಪೆಚಿಪ್ಪು ಅವರ ಉಪವಾಸಕ್ಕೆ ನಡೆಯುತ್ತದೆ.

ಕಟ್ಟಿಕೊಂಡು ಹೋಗುವ ವಿಷಯ. ಹೊರದೇಶದಿಂದ ಮಾಂಸ, ಹಾಲಿನ ಪದಾರ್ಥ ಯುರೋಪಿನ ಒಕ್ಕೂಟದ ಒಳಗೆ ಒಯ್ಯುವಂತಿಲ್ಲ. ಹಾಗಾಗಿ ಕುಂದಾ, ಪೇಡೆ ಇಲ್ಲೇ ತಿಂದು ಹೊರಡಿ. ಕರದಂಟಿನಲ್ಲಿ ತುಪ್ಪ ಇರುತ್ತದೆ, ನಾನಾದರೆ ಒಯ್ಯುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಧಾರಾಳವಾಗಿ ಒಯ್ಯಿರಿ. ನಾವು ಒಯ್ದಿದ್ದೆವು, ಫಾವಾಕ್ಕೆ ಶೇಂಗಾ ಚಟ್ನಿ ಕಲಸಿ ರೊಟ್ಟಿ ಜೊತೆ ತಿಂದದ್ದು ಆ ಆರು ದಿನದ ಒಳ್ಳೆಯ ಊಟಗಳಲ್ಲಿ ಒಂದು. ನಲ್ಲಿ ನೀರು ಕುಡಿಯಲು ಬರುವುದಿಲ್ಲ, ಸಮುದ್ರದ ಉಪ್ಪು ತೆಗೆದ ನೀರು, ರುಚಿ ಬೇರೆ. ಬಾಟಲಿ ಕೊಳ್ಳಿ. ಪಾಯಖಾನೆಯಲ್ಲಿ ನೀರಿನ ವ್ಯವಸ್ಥೆ ಇಲ್ಲ, ಕಾಗದ, ಅದನ್ನೂ ಒಳಗೆ ಹಾಕದೆ ಪಕ್ಕದ ಡಬ್ಬಿಗೆ ಹಾಕಬೇಕು. ಒಂದು ಮಗ್ ಚೀಲದಲ್ಲಿ ಇರಲಿ. ಇದನ್ನು ಯಾರೂ ಬರೆಯುವುದಿಲ್ಲ, ಎಲ್ಲರಿಗೂ ಬೇಕಾದದ್ದು ಇದೇ.

ಪ್ರಶ್ನೆ: ವೀಸಾ ಹೇಗೆ? ಖರ್ಚು ಎಷ್ಟು ಬರುತ್ತದೆ? (ಖಾಸಗಿ ಕಂಪನಿ ನೌಕರ, ಬೆಳಗಾವಿ)

ಗ್ರೀಸ್‌ಗೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಹೊರಡುವ ಆರು ತಿಂಗಳ ಒಳಗೆ ಹಾಕಬಹುದು, ಕಡಿಮೆ ಅಂದರೆ 15 ದಿನ ಮೊದಲು ಹಾಕಿರಬೇಕು. ಆ 15 ದಿನವನ್ನು ನಂಬಿ ಕೂಡಬೇಡಿ, ಕೆಲವು ಅರ್ಜಿಗೆ 45 ದಿನದವರೆಗೂ ಹಿಡಿಯಬಹುದು, ಎರಡು ಮೂರು ತಿಂಗಳು ಮೊದಲೇ ಹಾಕಿ. ಶುಲ್ಕ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೆರಡರ ಒಳಗಿನ ಮಕ್ಕಳಿಗೆ 45, ಆರರ ಒಳಗಿನವರಿಗೆ ಇಲ್ಲ. ಅರ್ಜಿ ಕೇಂದ್ರದವರ ಶುಲ್ಕ ಬೇರೆ. 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಮರಳಿದ ಮೇಲೂ ಮೂರು ತಿಂಗಳು ಪಾಸ್‌ಪೋರ್ಟ್ ಅವಧಿ ಉಳಿದಿರಬೇಕು. ಬೆರಳಚ್ಚು ಕೊಡಲು ಮೊದಲ ಸಲ ಖುದ್ದಾಗಿ ಹೋಗಲೇಬೇಕು. ಬ್ಯಾಂಕ್ ಲೆಕ್ಕ, ರಜೆ ಪತ್ರ ಸರಿಯಾಗಿ ಇಟ್ಟುಕೊಳ್ಳಿ. ಅರ್ಜಿಗೆ ಮೊದಲ ವಾರ ಯಾರಿಂದಲೋ ಇಸಿದುಕೊಂಡು ಖಾತೆಗೆ ದುಡ್ಡು ತುಂಬುವ ಬುದ್ಧಿವಂತಿಕೆ ಮಾಡಬೇಡಿ, ನೋಡುವವರಿಗೆ ಅದು ಗೊತ್ತಾಗುತ್ತದೆ.

ಅಥೆನ್ಸ್ ತಲುಪಿದ ಮೇಲೆ ಪಿರೇಯಸ್ ಬಂದರಿನಿಂದ ಹಡಗು. ದೊಡ್ಡ ಹಡಗಿಗೆ ಏಳೆಂಟು ಗಂಟೆ, ವೇಗದ್ದಕ್ಕೆ ಐದರ ಆಸುಪಾಸು. ವಿಮಾನ ಮುಕ್ಕಾಲು ಗಂಟೆ. ನಾನಂತೂ ದೊಡ್ಡ ಹಡಗು ಅನ್ನುತ್ತೇನೆ, ಡೆಕ್ ಮೇಲೆ ಕೂತು ಆ ಕುಸಿದ ಗುಂಡಿಯೊಳಗೆ ನಿಧಾನ ಹೊಕ್ಕಾಗಲೇ ಅದೆಷ್ಟು ದೊಡ್ಡದು ಅಂತ ತಿಳಿಯುವುದು. ಖರ್ಚಿನ ಲೆಕ್ಕ ನಾನು ಹೇಳಿದರೆ ನಾಳೆ ಹಳೆಯದಾಗುತ್ತದೆ. ಯೂರೊ ಅಂದರೆ ನೂರು ರೂಪಾಯಿ ಮೇಲೆ ಅಂತ ಹಿಡಿದುಕೊಳ್ಳಿ. ದುಡ್ಡು ಹೋಗುವುದು ಗುಂಡಿಯ ಅಂಚಿನ ರೂಮ್‌ಗೆ. ಅದೇ ನೋಟ ಅಂಚಿನ ದಾರಿಯಲ್ಲಿ ನಡೆದುಹೋದರೆ ಪುಕ್ಕಟೆ.

ಪ್ರಶ್ನೆ: ಅಲ್ಲಿ ಭೂಕಂಪ ಆಯಿತು, ಜನ ಊರು ಬಿಟ್ಟರು ಅಂತ ಟಿವಿಯಲ್ಲಿ ನೋಡಿದೆ. ಹೋಗುವುದು ಹುಚ್ಚುತನ ಅಲ್ವಾ? (ಮುದ್ದೇಬಿಹಾಳದಿಂದ ಒಬ್ಬರು)

2025ರ ಜನವರಿ ಕೊನೆಗೆ ಶುರುವಾಗಿ ಫೆಬ್ರವರಿಯಲ್ಲಿ ಸಾವಿರಾರು ಸಲ ನೆಲ ನಡುಗಿತು, ಹನ್ನೊಂದು ಸಾವಿರಕ್ಕೂ ಜಾಸ್ತಿ ಜನ ದ್ವೀಪ ಬಿಟ್ಟರು, ಶಾಲೆ ಮುಚ್ಚಿದರು. ನೆಲದೊಳಗೆ ಶಿಲಾರಸ ಸರಿದಾಡಿದ್ದೇ ಕಾರಣ ಅಂತ ಆಮೇಲೆ ವಿಜ್ಞಾನಿಗಳು ಹೇಳಿದರು. ಅದು ಅಲ್ಲಿಗೇ ಇಳಿಯಿತು, ಜನ ಮರಳಿದರು. ಗುಂಡಿಯ ನಡುವೆ ನೆಯಾ ಕಮೇನಿ ಅಂತ ಕರಿ ಗುಡ್ಡೆ ಇದೆ, ಅದು ಕೊನೆಯ ಸಲ ಉಕ್ಕಿದ್ದು 1950ರಲ್ಲಿ. 1956ರ ಜುಲೈನಲ್ಲಿ ದೊಡ್ಡ ಭೂಕಂಪವೇ ಆಗಿ ಮನೆಗಳು ಬಿದ್ದವು, ಜನ ಸತ್ತರು. ಹುಚ್ಚುತನ ಅಲ್ಲ, ಆದರೆ ಹೊರಡುವ ವಾರ ಸುದ್ದಿ ನೋಡಿಕೊಂಡೇ ಹೋಗಿ.

ನಿಮ್ಮ ಈ ಪ್ರಶ್ನೆಗೆ ಹಳೆಯ ಉತ್ತರವೊಂದು ಅಲ್ಲೇ ಇದೆ. ರೆಡ್ ಬೀಚ್‌ನಿಂದ ಸ್ವಲ್ಪ ನಡೆದರೆ ಅಕ್ರೊಟಿರಿಯ ಹಳೆಯ ಊರು, ಆ 3,600 ವರ್ಷದ ಹಿಂದಿನ ಬೂದಿಯಲ್ಲಿ ಹೂತು ಹೋದದ್ದು. 1967ರಲ್ಲಿ ಸ್ಪಿರಿಡಾನ್ ಮರಿನಾಟೊಸ್ ಎಂಬ ಪುರಾತತ್ವ ತಜ್ಞರು ಅಗೆಯಲು ಶುರು ಮಾಡಿದರು. ಎರಡು ಮೂರು ಅಂತಸ್ತಿನ ಮನೆ, ಕೊಳಚೆ ಹೋಗುವ ಗಟಾರ, ಸಾಲಾಗಿ ನಿಲ್ಲಿಸಿದ ದೊಡ್ಡ ದೊಡ್ಡ ಹರವಿಗಳು, ಎಲ್ಲ ಸಿಕ್ಕವು. ಹೆಣ ಮಾತ್ರ ಸಿಗಲಿಲ್ಲ. ಇಟಲಿಯ ಪಾಂಪೆಯಲ್ಲಿ ಸಿಕ್ಕ ಹಾಗೆ ಇಲ್ಲಿ ಒಂದೂ ಇಲ್ಲ. ಮೊದಲು ನೆಲ ನಡುಗಿತ್ತು, ಜನ ಅದನ್ನು ಕೇಳಿಸಿಕೊಂಡು ಊರು ಬಿಟ್ಟಿದ್ದರು. ಎರಡು ತಾಸು ಬೇಕು ಇದನ್ನು ನೋಡಲು, ಬೀಚ್‌ಗಿಂತ ಮೊದಲು ಇದನ್ನು ನೋಡಿ. ಮೇಲೆ ಚಾವಣಿ ಇದೆ, ನೆರಳೂ ಆಯಿತು.

ಪ್ರಶ್ನೆ: ಫೋಟೊದಲ್ಲಿ ಕತ್ತೆ ಸವಾರಿ ಕಾಣುತ್ತದೆ. ಮಾಡಬಹುದೇ? (ಕಾಲೇಜು ವಿದ್ಯಾರ್ಥಿ, ಜಮಖಂಡಿ)

ಬೇಡ ತಮ್ಮಾ. ಹಳೆ ಬಂದರಿನಿಂದ ಫಿರಾಕ್ಕೆ ಸುಮಾರು 580 ಮೆಟ್ಟಿಲು, ಕತ್ತೆಗಳು ದಿನವಿಡೀ ಅದನ್ನೇ ಹತ್ತಿ ಇಳಿಯುತ್ತವೆ. ನೂರು ಕಿಲೋಗಿಂತ ಜಾಸ್ತಿ ಭಾರ ಹೇರಬಾರದು ಅಂತ 2018ರಲ್ಲಿ ಗ್ರೀಸ್ ಸರ್ಕಾರವೇ ನಿಯಮ ಮಾಡಬೇಕಾಯಿತು ಅಂದರೆ ತಿಳಿದುಕೋ. ಕೇಬಲ್ ಕಾರ್ ಇದೆ. ನಿನ್ನ ವಯಸ್ಸಿಗೆ ಕಾಲೂ ಇವೆ.

ಪ್ರಶ್ನೆ: ಇಷ್ಟು ದೂರ ಯಾಕೆ, ಗೋಕರ್ಣ ಇಲ್ಲವೇ? (ಹುಕ್ಕೇರಿ)

ಇದೆ. ಹೋದ ತಿಂಗಳೂ ಹೋಗಿದ್ದೆ.

ಪ್ರಶ್ನೆ: ನಾನು ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಆ ಬೀಚಿನಲ್ಲಿ ಸೀರೆ ಉಟ್ಟು ಕೂತರೆ ಜನ ನಗುತ್ತಾರೇನು? ನೆನಪಿಗೆ ಒಂದು ಹಿಡಿ ಕರಿ ಉಸುಕು ತರಬಹುದೇ? (ನೇಕಾರ ಮನೆತನದ ಹೆಣ್ಣುಮಗಳು, ಇಳಕಲ್)

ಅಕ್ಕಾರ, ಯಾರೂ ನಗುವುದಿಲ್ಲ. ಅಲ್ಲಿ ಒಬ್ಬೊಬ್ಬರು ಒಂದೊಂದು ತರಹ, ಬಟ್ಟೆ ಇಲ್ಲದವರನ್ನೂ ಯಾರೂ ತಿರುಗಿ ನೋಡುವುದಿಲ್ಲ, ಸೀರೆ ಉಟ್ಟವರನ್ನು ಏನು ನೋಡುತ್ತಾರೆ. ನಮ್ಮ ಮನೆಯವಳು ಉಟ್ಟದ್ದು ಇಳಕಲ್ ಸೀರೆಯೇ, ಟೋಪ ತೆನೆ ಸೆರಗಿನದು. ಇಬ್ಬರು ಹೆಂಗಸರು ಬಂದು ಸೆರಗು ಮುಟ್ಟಿ ನೋಡಿ ಹೋದರು. ತೊಂದರೆ ಕೊಡುವುದು ಗಾಳಿ, ನಿರಿಗೆ ನಿಲ್ಲಗೊಡುವುದಿಲ್ಲ, ನಾಲ್ಕು ಪಿನ್ ಜಾಸ್ತಿ ಇರಲಿ.

ಉಸುಕು, ಕಲ್ಲು ಎತ್ತಿಕೊಂಡು ಬರಬೇಡಿ. ಬರುವವರೆಲ್ಲ ಒಂದೊಂದು ಹಿಡಿ ಒಯ್ದರೆ ದಂಡೆ ಉಳಿಯುವುದಿಲ್ಲ ನೋಡಿ. ನೀವು ಬೇಡ ಅಂದರೂ ಸ್ವಲ್ಪ ಬಂದೇ ಬರುತ್ತದೆ ಅನ್ನಿ. ಆ ಸೀರೆಯನ್ನು ಬಂದ ಮೇಲೆ ಎರಡು ಸಲ ಒಗೆದಾಯಿತು. ಮೊನ್ನೆ ಶ್ರಾವಣ ಸೋಮವಾರ ಮತ್ತೆ ಉಡಲು ತೆಗೆದು ಜಾಡಿಸಿದಾಗ, ಅಂಚಿನ ಮಡಿಕೆಯಿಂದ ಗುರೆಳ್ಳಿನಂಥ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಆಕೆ ಕಸಬರಿಗೆ ತಂದು ಗುಡಿಸಿ ಹಾಕಿದಳು.